ಒಂದೇ ಮನೆಯ ಒಂಬತ್ತು ರೋಗಿಗಳು

ಕೆಮ್ಮು ಕೇಳಿಯೇ ರೋಗ ಹೇಳುವವರನ್ನು ನನ್ನ ಇಡೀ ಸರ್ವೀಸಿನಲ್ಲಿ ನಾನು ಕಂಡದ್ದು ಒಬ್ಬರನ್ನೇ. ಹಿರಿಯೂರು ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಅವರು ಆರೋಗ್ಯ ಸಹಾಯಕಿ. ನಾನು ಅದೇ ಕೇಂದ್ರದ ಗುಮಾಸ್ತ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹೋದ ತಿಂಗಳು, ಜವನಗೊಂಡನಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ ತೀರಿಕೊಂಡರು. ಎದೆನೋವು ಎಂದರಂತೆ, ಆಟೋ ಬರುವಷ್ಟರಲ್ಲಿ ಮುಗಿದಿತ್ತಂತೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಳೆಯ ಕಡತವೊಂದನ್ನು ನೆನಪಿಸಿಕೊಳ್ಳುವವರು ಇನ್ನೂ ಇದ್ದಾರೆ. ಆ ಕಡತದ ಮುಖ್ಯ ಟಿಪ್ಪಣಿ ನನ್ನ ಕೈಬರಹದಲ್ಲಿದೆ.

ನಮ್ಮಿಬ್ಬರ ಮೊದಲ ಮಾತೇ ಜಗಳ. ನಾನು ಸಿರಿಗೆರೆಯ ಹಾಸ್ಟೆಲಿನಲ್ಲಿ ಗಂಟೆಗೆ ಎದ್ದು ಗಂಟೆಗೆ ಮಲಗಿ ಬೆಳೆದವನು. ಹತ್ತು ಗಂಟೆಯ ಕಚೇರಿಗೆ ಹತ್ತು ಹತ್ತಕ್ಕೆ ಬಂದವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದೆ. ಅವರು ವರ್ಗವಾಗಿ ಬಂದ ಮೊದಲ ವಾರವೇ ನಾಲ್ಕು ಸುತ್ತುಗಳಾದವು. ಐದನೆಯ ದಿನ ಬಂದಾಗ ಅವರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಒಬ್ಬ ಮನುಷ್ಯನ ಮುಂಗೈ. ಐವತ್ತು ದಾಟಿದ ಆಸಾಮಿ, ಟವೆಲ್ಲನ್ನು ಬಾಯಿಗೆ ಹಿಡಿದುಕೊಂಡು ಬೈಯುತ್ತಲೇ ಒಳಗೆ ಬಂದ.

“ನೋಡ್ರಿ ಸಾರ್, ನಾನು ಹಿರಿಯೂರಿನ ಕೋರ್ಟಿಗೆ ಹೋಗ್ಬೇಕಾಗಿತ್ತು. ಈಯಮ್ಮ ಬಸ್ಸಿಂದ ಇಳಿಸ್ಕಂಡ್ ಬಂದೈತೆ. ನಂದು ಬೀಡಿ ಕೆಮ್ಮು ಅಂದ್ರೂ ಕೇಳವಲ್ದು.”

“ಬೀಡಿ ಕೆಮ್ಮು ಗಂಟ್ಲಿಂದ ಬರ್ತೈತೆ ಕಣಪ್ಪ. ನಿಂದು ತಳದಿಂದ ಬರ್ತೈತೆ. ಮೂರು ಸೀಟು ಹಿಂದಿಂದ ಕೇಳ್ಸ್ಕಂಡೀನಿ. ಕುಂತ್ಕ ಮೊದ್ಲು. ಕೋರ್ಟು ಎಲ್ಲೂ ಓಡೋಗಲ್ಲ.”

ಕಫದ ಪರೀಕ್ಷೆಯಲ್ಲಿ ಕ್ಷಯ ಎಂದು ಬಂತು. ಆ ದಿನದ ಸುತ್ತನ್ನು ನಾನು ಅಳಿಸಲಿಲ್ಲ. ಅವರೂ ಅಳಿಸಿ ಎಂದು ಕೇಳಲಿಲ್ಲ.

ಆ ಕಿವಿ ಅವರಿಗೆ ತಂದೆಯಿಂದ ಬಂದದ್ದು. ತಂದೆ ಕುರಿಗಾರ. ಮಂದೆಗೆ ಬೆನ್ನು ಹಾಕಿ ಕೂತು ರೊಟ್ಟಿ ತಿನ್ನುತ್ತಲೇ ಯಾವ ಕುರಿ ಕೆಮ್ಮಿತೆಂದು ಹೇಳುತ್ತಿದ್ದನಂತೆ. ಜ್ವರ ನೋಡುವಾಗ ಸಿಸ್ಟರ್ ಹಣೆ ಮುಟ್ಟುತ್ತಿರಲಿಲ್ಲ. ಕೈಯನ್ನು ಮಗುಚಿ ಕತ್ತಿನ ಹಿಂಭಾಗಕ್ಕೆ ಇಡುತ್ತಿದ್ದರು. “ಬಿಸಿಲಾಗೆ ನಡ್ಕಂಡ್ ಬಂದೋರ ಹಣೆ ಎಲ್ಲಾ ಬೆಚ್ಚಗೇ ಇರ್ತೈತೆ ಸಾರ್, ಅದ್ನ ನಂಬಬಾರ್ದು” ಎನ್ನುತ್ತಿದ್ದರು. ಯಾರೇ ಬಂದರೂ ಮೊದಲು ಕೂರಿಸುತ್ತಿದ್ದರು. ಬೆಂಚು ತುಂಬಿದ್ದರೆ ತಮ್ಮ ಕುರ್ಚಿ ಕೊಟ್ಟು ನಿಲ್ಲುತ್ತಿದ್ದರು. ಊಟವನ್ನಂತೂ ಯಾವಾಗಲೂ ನಿಂತೇ, ಕಿಟಕಿಗೆ ಡಬ್ಬಿ ಇಟ್ಟುಕೊಂಡು, ಎಂಟು ನಿಮಿಷದಲ್ಲಿ ಮುಗಿಸುತ್ತಿದ್ದರು.

ಮೃದು ಮಾತಿನವರೆಂದು ಯಾರೂ ತಿಳಿಯಬಾರದು. ಎರಡು ದಿನ ಮಾತ್ರೆ ಬಿಟ್ಟವರಿಗೆ ಅವರು ಬೈಯುತ್ತಿದ್ದ ಬೈಗುಳ ನನ್ನ ಕಿಟಕಿಯವರೆಗೆ ಕೇಳುತ್ತಿತ್ತು. “ಲೇ, ನಿನ್ನ ಹೆಣ್ತಿಗೆ ಇನ್ನೊಂದು ಗಂಡ ಹುಡುಕ್ಲಾ? ಹೇಳು, ಈಗ್ಲೇ ಹುಡುಕ್ತೀನಿ” ಎಂದು ತುಂಬಿದ ವರಾಂಡದಲ್ಲಿ ಒಬ್ಬನನ್ನು ಕೇಳಿದ್ದರು. ಅವನು ಆಮೇಲೆ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ತಮ್ಮ ಮನೆಯ ವಿಷಯ ಮಾತ್ರ ಎಂದೂ ಆಡುತ್ತಿರಲಿಲ್ಲ. ಗಂಡ ಬೇಗ ಹೋದರೆಂದು, ಅಣ್ಣ ಅತ್ತಿಗೆಯ ಜೊತೆ ಇದ್ದಾರೆಂದು ಬೇರೆಯವರಿಂದ ತಿಳಿದಿತ್ತು. ರಿಜಿಸ್ಟರ್ ಬರೆಯುವುದರಲ್ಲಿ ಅವರಷ್ಟು ಅಶಿಸ್ತಿನವರನ್ನು ನಾನು ನೋಡಿಲ್ಲ. ತಾರೀಖಿನ ಜಾಗದಲ್ಲಿ ತೂಕ, ತೂಕದ ಜಾಗದಲ್ಲಿ ವಯಸ್ಸು.

ನಮ್ಮ ಕೇಂದ್ರದ ಸುತ್ತ ಆಗ ಇಟ್ಟಿಗೆ ಭಟ್ಟಿಗಳು ಹೆಚ್ಚಿದ್ದವು. ದೀಪಾವಳಿ ಕಳೆದ ಮೇಲೆ ಒಡಿಶಾ ಕಡೆಯಿಂದ ಕುಟುಂಬಗಳು ಬರುತ್ತಿದ್ದವು. ಮಳೆ ಹಿಡಿಯುವವರೆಗೆ ಮಣ್ಣು ಕಲಸಿ, ಇಟ್ಟಿಗೆ ಕೊಯ್ದು, ಸುಟ್ಟು, ಮಳೆಯ ಜೊತೆಗೆ ಹೊರಟುಹೋಗುತ್ತಿದ್ದವು. ಕಾಯಿಲೆ ಬಿದ್ದರೆ ಅವರಿಗಿದ್ದ ದಾರಿಗಳು ಮೂರು. ಒಂದು, ಬೈಕಿನಲ್ಲಿ ಭಟ್ಟಿಗೇ ಬಂದು ಯಾವ ಕಾಯಿಲೆಗಾದರೂ ಸೂಜಿ ಚುಚ್ಚಿ ಗ್ಲೂಕೋಸ್ ಬಾಟಲಿ ಏರಿಸುವ ಆರ್.ಎಂ.ಪಿ. ಡಾಕ್ಟರು. ಎರಡು, ಮೆಡಿಕಲ್ ಸ್ಟೋರಿನಲ್ಲಿ ಬೆರಳು ತೋರಿಸಿ ಕೇಳುವ ಮಾತ್ರೆ. ಮೂರನೆಯದು ನಾವು. ನಮ್ಮಲ್ಲಿ ಔಷಧ ಉಚಿತ. ಆದರೆ ನಮ್ಮ ಚೀಟಿ ಕಿಟಕಿಯ ಮೇಲೆ ನಾನೇ ಬರೆಸಿ ಹಾಕಿದ ಬೋರ್ಡಿತ್ತು: ರೇಷನ್ ಕಾರ್ಡ್, ಆಧಾರ್ ಕಾರ್ಡ್, ವಾಸದ ವಿಳಾಸ. ಅವರ ರೇಷನ್ ಕಾರ್ಡು ಊರಲ್ಲಿ ಉಳಿದಿರುತ್ತಿತ್ತು. ಆಧಾರ್ ಕಾರ್ಡು, ಇವರು ಓಡಿಹೋಗದಿರಲಿ ಎಂದು, ಕರೆತಂದ ಮೇಸ್ತ್ರಿಯ ಪೆಟ್ಟಿಗೆಯಲ್ಲಿರುತ್ತಿತ್ತು. ವಿಳಾಸವೆಂದರೆ ಹಸಿ ಇಟ್ಟಿಗೆ ಪೇರಿಸಿ ತಗಡು ಹೊದಿಸಿದ ಗೂಡು. ಅಂಥವರು ಕಿಟಕಿಯ ಬಳಿ ಬರುತ್ತಿದ್ದರು, ನಮ್ಮ ಚೀಟಿ ಬರೆಯುವವನು ಮೂರು ಪ್ರಶ್ನೆ ಕೇಳುತ್ತಿದ್ದ, ಅವರು ತಲೆ ಆಡಿಸಿ ಹಿಂದಕ್ಕೆ ಹೋಗುತ್ತಿದ್ದರು. ಇದು ತಪ್ಪೆಂದು ನನಗೆ ಆಗ ಅನ್ನಿಸಿರಲಿಲ್ಲ. ಕ್ರಮ ಎಂದು ಅನ್ನಿಸಿತ್ತು.

ಒಮ್ಮೆ ಕ್ಷಯದ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಮುಂಚೆ ತಾಳೆ ನೋಡುತ್ತಿದ್ದೆ. ಒಂದೂವರೆ ವರ್ಷದ ದಾಖಲೆ. ಜವನಗೊಂಡನಹಳ್ಳಿಯ ಒಂದೇ ಮನೆ ನಂಬರಿನಲ್ಲಿ ಒಂಬತ್ತು ರೋಗಿಗಳಿದ್ದರು. ಹೆಸರುಗಳು ನಮ್ಮ ಕಡೆಯವಲ್ಲ. ಆ ಮನೆ ನಂಬರನ್ನು ಎಲ್ಲೋ ನೋಡಿದ ಹಾಗಿತ್ತು. ಸಿಬ್ಬಂದಿಯ ಸೇವಾ ಪುಸ್ತಕ ತೆಗೆದೆ. ಅದು ಸಿಸ್ಟರ ಮನೆ.

ಕರೆಸಿ ಕೇಳಿದೆ. “ಏನ್ರಿ ಸಿಸ್ಟರ್, ನಿಮ್ಮನೇಲಿ ಒಂಬತ್ತು ಜನಕ್ಕೆ ಟಿ.ಬಿ. ಐತಂತಲ್ಲ? ನೀವು ಹೆಂಗೆ ಉಳ್ಕಂಡ್ರಿ?”

ಅವರು ರಿಜಿಸ್ಟರ್ ನೋಡಿದರು, ನನ್ನನ್ನು ನೋಡಿದರು. “ನಮ್ದು ದೊಡ್ಡ ಕುಟುಂಬ ಸಾರ್.”

“ತಮಾಷೆ ಬೇಡ. ಇವರೆಲ್ಲ ಭಟ್ಟಿಯೋರು.”

“ಹೌದು ಸಾರ್. ವಿಳಾಸ ಇಲ್ಲದೆ ಚೀಟಿ ಇಲ್ಲ ಅಂತ ಬೋರ್ಡ್ ಹಾಕಿದ್ದು ನೀವು. ಅದ್ಕೆ ವಿಳಾಸ ಕೊಟ್ಟೆ.”

“ಭಟ್ಟಿಯ ವಿಳಾಸ ಬರೀಬೇಕಾಗಿತ್ತು.”

“ಬರೀತೀನಿ. ವಾರ್ಡ್ ನಂಬರ್ ಏನು ಹಾಕ್ಲಿ? ಮನೆ ನಂಬರ್ ಏನು ಹಾಕ್ಲಿ? ನಿಮ್ಮ ಫಾರಮ್ಮಿನಾಗೆ ಎರಡೂ ಖಾಲಿ ಬಿಡಂಗಿಲ್ಲ.”

ಆಮೇಲೆ ನಾನು ಕೇಳದೆಯೇ ಕೂತರು. ಅವರು ಕೂತದ್ದು ಅಪರೂಪ, ಹಾಗಾಗಿ ನೆನಪಿದೆ. ತಂದೆಯ ವಿಷಯ ಹೇಳಿದ್ದು ಆಗಲೇ. ಬೇಸಿಗೆಯಲ್ಲಿ ತಂದೆ ಕುರಿ ಹೊಡೆದುಕೊಂಡು ಆಂಧ್ರದ ಗಡಿ ದಾಟಿ ತಿಂಗಳುಗಟ್ಟಲೆ ಹೋಗುತ್ತಿದ್ದ. ರೈತರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಮಂದೆ ಕೂರಿಸಿಕೊಳ್ಳುತ್ತಿದ್ದರು. ಮಂದೆ ಯಾರ ಹೊಲದಲ್ಲಿ ಕೂತಿದೆಯೋ, ಕುರಿಗಾರರು ಅಲ್ಲಿರುವಷ್ಟು ದಿನ ಆ ಮನೆಯವರು. ಕಳ್ಳತನದ ಅನುಮಾನ ಬಂದರೆ ಹೊಲದ ಯಜಮಾನ ಮುಂದೆ ನಿಂತು ಮಾತಾಡಬೇಕು. ಜ್ವರ ಬಂದರೆ ಅವನೇ ಗಾಡಿ ಕಟ್ಟಬೇಕು. “ನಮ್ಮಪ್ಪಗೆ ಒಂದ್ಸಲ ಆ ಕಡೆ ಹಾವು ಕಡೀತು ಸಾರ್. ಆಸ್ಪತ್ರೆಲಿ ಯಾವೂರು ಅಂದ್ರಂತೆ. ಹೊಲದ ರೆಡ್ಡಿ, ನಮ್ಮೂರು, ನಮ್ಮನೆ ಅಂದ್ನಂತೆ. ಅಪ್ಪ ಬದುಕ್ದ. ನಾನು ಹುಟ್ಟಿದ್ದು ಅದಾದ ಮೇಲೆ.”

ನಾನು ಆ ಒಂಬತ್ತನ್ನು ಹಾಗೆಯೇ ಬಿಟ್ಟೆ. ಮುಂದೆ ಹೀಗೆ ಮಾಡಕೂಡದು ಎಂದು ಬಾಯಿಮಾತಿನಲ್ಲಿ ಎಚ್ಚರಿಸಿದೆ. ಅವರು ಆಗಲಿ ಎಂದರು. ಎಂಟು ಜನ ಅಷ್ಟರಲ್ಲಿ ಔಷಧ ಮುಗಿಸಿ ಗುಣವಾಗಿದ್ದರು. ಇನ್ನೂ ಔಷಧ ನಡೆಯುತ್ತಿದ್ದದ್ದು ಒಬ್ಬಳದ್ದು, ಹೆಸರು ಸುಕಾಂತಿ.

ಸುಕಾಂತಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ಗಂಡನ ಹೆಗಲ ಮೇಲೆ ಬಂದವಳು, ಎರಡೂವರೆ ತಿಂಗಳಿಗೆ ತಾನೇ ನಡೆದು ಬರುವಂತಾಗಿದ್ದಳು. ಆರು ತಿಂಗಳ ಔಷಧ. ನಡುವೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಕೆಟ್ಟದಾಗಿ ಮರಳುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಪ್ರತಿ ಬುಧವಾರ ಅವಳು ಖಾಲಿ ಮಾತ್ರೆ ಪಟ್ಟಿ ತಂದು ತೋರಿಸಬೇಕು, ಹೊಸದು ಒಯ್ಯಬೇಕು. ಸಿಸ್ಟರ್ ಅವಳ ತೂಕ ನೋಡಿ ಮುಳ್ಳು ಅರ್ಧ ಕೆ.ಜಿ. ಸರಿದರೂ ಇಡೀ ವರಾಂಡಕ್ಕೆ ಕೂಗಿ ಹೇಳುತ್ತಿದ್ದರು. ಅವಳಿಗೆ ಕನ್ನಡ ಬಾರದು, ಇವರಿಗೆ ಅವಳ ಭಾಷೆ ಬಾರದು. “ತಿಂದೆಯಾ?” ಎಂದು ಇವರು ಕೈ ಬಾಯಿಗೆ ಒಯ್ದು ಕೇಳುವುದು, ಅವಳು ಹೊಟ್ಟೆ ತಟ್ಟಿ ತೋರಿಸುವುದು. ಮಳೆಗಾಲಕ್ಕೆ ಊರಿಗೆ ಹೋಗುವಾಗ ಉಳಿದ ಔಷಧವನ್ನೂ ಅಲ್ಲಿಯ ಆಸ್ಪತ್ರೆಗೆ ಪತ್ರವನ್ನೂ ಕೊಟ್ಟು ಕಳಿಸುವುದೆಂದು ಸಿಸ್ಟರ್ ಗೊತ್ತು ಮಾಡಿಕೊಂಡಿದ್ದರು.

ಏಪ್ರಿಲ್ ಕೊನೆಯಲ್ಲಿ ಅವರನ್ನು ಹತ್ತು ದಿನದ ತರಬೇತಿಗೆ ಚಿತ್ರದುರ್ಗಕ್ಕೆ ಕಳಿಸಿದರು. ಅದೇ ವಾರ ಮೇಲಿನಿಂದ ಸುತ್ತೋಲೆ ಬಂತು: ಎಲ್ಲ ರೋಗಿಗಳ ವಿಳಾಸವನ್ನು ಮನೆಗೆ ಹೋಗಿ ಪರಿಶೀಲಿಸಬೇಕು, ವಾಸವಿಲ್ಲದವರನ್ನು ಪಟ್ಟಿಯಿಂದ ಕೈಬಿಡಬೇಕು, ಶುಕ್ರವಾರದೊಳಗೆ ವರದಿ. ಇಬ್ಬರನ್ನು ನೇಮಿಸಿ ಕಳಿಸಿದೆ. ಜವನಗೊಂಡನಹಳ್ಳಿಯ ಆ ಮನೆಗೂ ಹೋದರು. ಬಾಗಿಲಲ್ಲಿದ್ದ ಹೆಂಗಸು ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದಳಂತೆ.

ವಿಳಾಸ ಯಾರದೆಂದು ನನಗೆ ಗೊತ್ತಿತ್ತು. ಸುಕಾಂತಿ ಭಟ್ಟಿಯಲ್ಲಿದ್ದಾಳೆಂದೂ ಗೊತ್ತಿತ್ತು. ಸಿಸ್ಟರಿಗೆ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಎಚ್ಚರಿಸಿದ ಮೇಲೂ ಆ ಒಂದು ವಿಳಾಸವನ್ನು ಅವರು ಸರಿಪಡಿಸಿರಲಿಲ್ಲ. ವಾಪಸು ಬಂದು ತಾವೇ ಸರಿಯಾಗಿ ಬರೆದು ಮತ್ತೆ ಸೇರಿಸಿಕೊಳ್ಳಲಿ, ಒಂದು ಪಾಠವಾಗಲಿ ಎಂದುಕೊಂಡೆ. ‘ಸದರಿ ವಿಳಾಸದಲ್ಲಿ ವಾಸವಿರುವುದಿಲ್ಲ’ ಎಂದು ಷರಾ ಬರೆದು, ಸ್ಕೇಲು ಇಟ್ಟು ಒಂಬತ್ತೂ ಹೆಸರಿನ ಮೇಲೆ ಕೆಂಪು ಗೆರೆ ಎಳೆದೆ. ಅವಳ ಹೆಸರಿನ ಔಷಧದ ಡಬ್ಬಿ ಸ್ಟೋರಿಗೆ ಹೋಯಿತು. ಗುರುವಾರವೇ ವರದಿ ಕಳಿಸಿದೆ. ಗಡುವಿಗೆ ಒಂದು ದಿನ ಮೊದಲು.

ಸಿಸ್ಟರ್ ಬರುವುದರೊಳಗೆ ನಡುವೆ ಒಂದು ಬುಧವಾರ ಬರುತ್ತದೆಂದು ನನಗೆ ಹೊಳೆಯಲಿಲ್ಲ.

ಅವಳು ಬಂದಳು. ಔಷಧ ಕೊಡುವವನು ರಿಜಿಸ್ಟರಿನಲ್ಲಿ ಕೆಂಪು ಗೆರೆ ನೋಡಿ ನನ್ನ ಕಿಟಕಿಗೆ ಕಳಿಸಿದ. ಖಾಲಿ ಮಾತ್ರೆ ಪಟ್ಟಿಯನ್ನು ಒಳಗೆ ಚಾಚಿದಳು. “ಪಟ್ಟೀಲಿ ಹೆಸರಿಲ್ಲಮ್ಮ. ಸೋಮವಾರ ಸಿಸ್ಟರ್ ಬರ್ತಾರೆ, ಆಗ ಬಾ” ಎಂದೆ. ಅಷ್ಟು ಮಾತಿನಲ್ಲಿ ಅವಳಿಗೆ ತಿಳಿದದ್ದು ‘ಇಲ್ಲ’ ಒಂದೇ ಇರಬೇಕು. ಸಿಸ್ಟರ ಕೋಣೆಯ ಕಡೆ ಬೆರಳು ತೋರಿಸಿದಳು. ನಾನು ಕೈ ಆಡಿಸಿದೆ. ಖಾಲಿ ಮಾತ್ರೆ ಪಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು. ಹಿಂದೆ ಇನ್ನೂ ಹನ್ನೆರಡು ಜನ ಸಾಲಿನಲ್ಲಿದ್ದರು.

ಸೋಮವಾರ ಸಿಸ್ಟರ್ ಹತ್ತಕ್ಕೆ ಐದು ನಿಮಿಷ ಮೊದಲೇ ಬಂದರು. ರಿಜಿಸ್ಟರ್ ತೆರೆದರು. ನನ್ನ ಕೋಣೆಗೆ ಬಂದು ಒಂದೇ ಮಾತು ಕೇಳಿದರು. “ಬುಧವಾರ ಅವಳು ಬಂದಿದ್ಲಾ ಸಾರ್?”

“ಬಂದಿದ್ಲು. ಸೋಮವಾರ ಬಾ ಅಂದೀನಿ.”

ಅವರು ಚೀಲ ತೆಗೆದುಕೊಂಡು ಹೊರಗೆ ಹೋದರು. ಶನಿವಾರ, ಭಾನುವಾರ ಎರಡು ದಿನವೂ ಜೋರು ಮಳೆ ಬಿದ್ದಿತ್ತು. ಭಟ್ಟಿಯಲ್ಲಿ ಹಸಿ ಇಟ್ಟಿಗೆ ಕರಗಿ ಕೆಸರಾಗಿ ಕೆಲಸ ನಿಂತಿತ್ತು. ಮೇಸ್ತ್ರಿ ಲೆಕ್ಕ ಮುಗಿಸಿ ಎಲ್ಲರನ್ನೂ ಲಾರಿ ಹತ್ತಿಸಿದ್ದ. ಊರಿಗೆ ಹೋದವರು ಕೆಲವರು. ಸುಕಾಂತಿಯ ಗಂಡನ ಮೇಲೆ ಮುಂಗಡ ಬಾಕಿ ಇತ್ತೆಂದು ಅವರನ್ನು ಬೇರೆ ಕೆಲಸಕ್ಕೆ ದಾಟಿಸಿದ್ದ. ಎಲ್ಲಿಗೆ ಎಂದರೆ, “ಹೊಸದುರ್ಗದ ಕಡೆಗೋ ಹೊಳಲ್ಕೆರೆ ಕಡೆಗೋ, ನಂಗೇನ್ ಗೊತ್ತಮ್ಮ, ಇನ್ನೊಬ್ಬ ಮೇಸ್ತ್ರಿ ಕರ್ಕಂಡ್ ಹೋದ” ಎಂದನಂತೆ.

ಆ ವಾರ ಸಿಸ್ಟರ್ ನನ್ನೊಡನೆ ಮಾತಾಡಲಿಲ್ಲ. ಶನಿವಾರ ನಾನೇ ಹೋಗಿ ಒಂದು ಕಾಗದ ಅವರ ಮೇಜಿನ ಮೇಲಿಟ್ಟೆ. ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಮೂರು ತಾಲ್ಲೂಕಿನಲ್ಲಿ ಹೊರಗಿನ ಕೂಲಿಗಳಿರುವ ಜಾಗಗಳ ಪಟ್ಟಿ: ಕಾಲುವೆ ಕೆಲಸ, ರಸ್ತೆ ಕೆಲಸ, ಜಲ್ಲಿ ಕ್ರಷರ್. ಯಾವ ಭಾನುವಾರ ಯಾವುದು, ಯಾವ ಬಸ್ಸು, ಎಷ್ಟು ಗಂಟೆಗೆ, ಎಲ್ಲವೂ ಅದರಲ್ಲಿತ್ತು.

ಅವರು ಪೂರ್ತಿ ಓದಿದರು. “ಇಷ್ಟು ಚೆಂದಾಗಿ ಪಟ್ಟಿ ಮಾಡೋರು ಹೆಸರು ಹೊಡೆದ್ ಹಾಕೋದನ್ನೂ ಚೆಂದಾಗೇ ಮಾಡ್ತಾರೆ, ಅಲ್ವಾ ಸಾರ್” ಎಂದರು. ಈ ವಿಷಯದಲ್ಲಿ ಅವರು ನನಗೆ ಆಡಿದ ಚುಚ್ಚುಮಾತು ಅದೊಂದೇ. “ನಾಳೆ ಏಳೂಕಾಲಿಗಾ? ನಡೀರಿ, ಹೋಗಾಣ.”

ಹೀಗೆ ಆರು ಭಾನುವಾರ ಅವರ ಜೊತೆ ಓಡಾಡಿದೆ. ಸುಕಾಂತಿಯ ಔಷಧದ ಡಬ್ಬಿಯನ್ನು ಸ್ಟೋರಿನಿಂದ ನಾನೇ ಬಿಡಿಸಿ ಕೊಟ್ಟಿದ್ದೆ. ಅದು ಅವರ ಚೀಲದ ತಳದಲ್ಲಿರುತ್ತಿತ್ತು. ಎಂಟು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿ ತಿಳಿಯದ್ದು ಆ ಆರು ದಿನದಲ್ಲಿ ತಿಳಿಯಿತು. ಶೆಡ್ಡುಗಳ ಬಳಿ ಹೋದರೆ ಅವರು ಮೊದಲು ಹೆಂಗಸರು ಅಡಿಗೆ ಮಾಡುವ ಕಡೆ ಹೋಗುತ್ತಿದ್ದರು. ಒಲೆ ಊದುವಾಗ ಯಾರು ಕೆಮ್ಮುತ್ತಾರೆ ಎಂದು ನಿಂತು ಕೇಳುತ್ತಿದ್ದರು. ಆಮೇಲೆ ಸುಕಾಂತಿಯ ಹೆಸರು ಹೇಳಿ, ಅವಳ ಎತ್ತರವನ್ನು ತಮ್ಮ ಭುಜಕ್ಕೆ ಕೈಯಿಟ್ಟು ತೋರಿಸಿ, ಎದೆ ಮುಟ್ಟಿ ಕೆಮ್ಮಿ ತೋರಿಸುತ್ತಿದ್ದರು. ಹೊಸದುರ್ಗದ ಕಡೆ ಒಂದು ಕಾಲುವೆ ಕೆಲಸದ ಗೇಟಿನಲ್ಲಿ ಕಾವಲಿನವನು ತಡೆದ.

“ಏನಮ್ಮ, ಓಟು ಕೇಳಾಕೆ ಬಂದಿರೇನು?”

“ಓಟೇ ಇಲ್ದೋರ ಹತ್ರ ಓಟು ಕೇಳಾಕ್ಯಾಕಪ್ಪ ಬರ್ಲಿ? ಅದ್ಕೇ ಯಾರೂ ಬರದ ಜಾಗಕ್ಕೆ ನಾನು ಬಂದೀನಿ. ತೆಗಿ ಗೇಟು.”

ಸುಕಾಂತಿ ಅಲ್ಲಿರಲಿಲ್ಲ. ಬೇರೆ ನಾಲ್ಕು ಜನ ಕೆಮ್ಮುವವರು ಸಿಕ್ಕರು. ಅವರ ಕಫ ತೆಗೆದುಕೊಂಡು, ಡಬ್ಬಿಗಳನ್ನು ಕವರಿನಲ್ಲಿ ಸುತ್ತಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ನಡೆದು ಒಪ್ಪಿಸಿದೆವು. ಅಲ್ಲಿಯ ಫಾರಮ್ಮಿನಲ್ಲೂ ಮನೆ ನಂಬರಿನ ಖಾನೆಯಿತ್ತು. ಸಿಸ್ಟರ್ ಪೆನ್ನು ಹಿಡಿದು, ‘ಕಾಲುವೆ ಕೆಲಸದ ಶೆಡ್ಡು, ನೀರಿನ ಟ್ಯಾಂಕಿನ ಹಿಂದೆ, ಎಡದಿಂದ ಮೂರನೆಯದು’ ಎಂದು ಖಾನೆಯ ಹೊರಗೆಲ್ಲ ಹರಿಯುವಂತೆ ಬರೆದರು. ಅಲ್ಲಿದ್ದ ಹುಡುಗಿ ಅದನ್ನು ಓದಿ ಸುಮ್ಮನೆ ತೆಗೆದುಕೊಂಡಳು. ಇಷ್ಟು ಸುಲಭವಿತ್ತೇ ಎಂದು ನಾನು ನೆಲ ನೋಡಿದೆ.

ಆರನೆಯ ಭಾನುವಾರ ಹೊಳಲ್ಕೆರೆ. ರಸ್ತೆಯಿಂದ ಎರಡು ಕಿಲೋಮೀಟರ್ ಒಳಗೆ ಒಂದು ಜಲ್ಲಿ ಕ್ರಷರ್. ಎಲೆ, ಪೊದೆ, ತಗಡು, ಎಲ್ಲದರ ಮೇಲೂ ಬಿಳಿ ಪುಡಿ. ರಜೆಯಾದ್ದರಿಂದ ಯಂತ್ರ ನಿಂತಿತ್ತು. ಒಂದು ಶೆಡ್ಡಿನ ಮುಂದೆ ಸುಕಾಂತಿಯ ಗಂಡ ಅಕ್ಕಿ ತೊಳೆಯುತ್ತಿದ್ದ. ಸಿಸ್ಟರನ್ನು ಕಂಡು ಎದ್ದು ನಿಂತ. ಒಂದು ಲೋಟ ಅಕ್ಕಿ ಇರಬಹುದು ಪಾತ್ರೆಯಲ್ಲಿ. ಒಬ್ಬರಿಗಾಗುವಷ್ಟು.

ಅವನೇ ಹೇಳಿದ. ಹಿಂದಿ, ನಡುನಡುವೆ ಕನ್ನಡ. ಅವಳು ಹೋಗಿ ಹದಿನೆಂಟು ದಿನವಾಯಿತು. ಮೊದಲು ಜ್ವರ, ಆಮೇಲೆ ರಕ್ತ. ಇಲ್ಲಿಯ ಮೇಸ್ತ್ರಿ ಸೂಜಿ ಡಾಕ್ಟರನ್ನು ಎರಡು ಸಲ ಕರೆಸಿದ. ಬಾಟಲಿ ಹಾಕಿದರು.

“ದೊಡ್ಡಾಸ್ಪತ್ರೆ ಯಾಕೆ ಹೋಗ್ಲಿಲ್ಲ? ಹಾಸ್ಪಿಟಲ್ ಕ್ಯೋಂ ನಹೀ?” ಎಂದು ಸಿಸ್ಟರ್ ಕೇಳಿದರು.

“ಬೋಲಾ ಥಾ ದೀದಿ, ಚಲ್. ನಹೀ ಆಯಿ. ಬೋಲಿ, ಉಧರ್ ಹೆಸರು ಇಲ್ಲ. ಹೆಸರು ಇಲ್ಲ.”

ಹೋಗೋಣವೆಂದು ಅವನು ಕರೆದಿದ್ದ. ಅಲ್ಲಿ ನನ್ನ ಹೆಸರಿಲ್ಲ ಎಂದು ಅವಳು ಬರಲಿಲ್ಲ. ಆ ಎರಡು ಕನ್ನಡ ಮಾತನ್ನು ಅವನು ನನ್ನ ಮುಖ ನೋಡಿ ಹೇಳಲಿಲ್ಲ. ಕಿಟಕಿಯ ಹಿಂದೆ ಕೂತವನು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ.

ಸಿಸ್ಟರ್ ಜಲ್ಲಿಯ ಗುಡ್ಡೆಯ ಮೇಲೆ ಕೂತರು. ಅಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಎದ್ದು ಅವನ ಕತ್ತಿನ ಹಿಂದೆ ಕೈ ಮಗುಚಿ ಇಟ್ಟರು. ಚೀಲದಿಂದ ಕಫದ ಡಬ್ಬಿ ತೆಗೆದು ಕೊಟ್ಟು, ಉಸಿರು ಎಳೆದು ಕೆಮ್ಮುವುದು ಹೇಗೆಂದು ತೋರಿಸಿಕೊಟ್ಟರು. ಅವನ ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಮುಂದಿನ ವಾರ ತಿಳಿಯಿತು. ಸುಕಾಂತಿಯ ಔಷಧದ ಡಬ್ಬಿಯನ್ನು ಅಂದೇ ಹೊಳಲ್ಕೆರೆಯಲ್ಲಿ ಬಸ್ಸು ಹತ್ತುವ ಮುಂಚೆ ನನ್ನ ಕೈಗೆ ಕೊಟ್ಟರು. “ಸ್ಟೋರಿಗೆ ಜಮಾ ಮಾಡ್ಕಳ್ರಿ ಸಾರ್.”

ಚಿತ್ರದುರ್ಗದಲ್ಲಿ ಇಳಿದು ಹಿರಿಯೂರು ಬಸ್ಸಿಗೆ ಕಾಯುವಾಗ ನಾನು, “ತಪ್ಪು ನನ್ನದು ಸಿಸ್ಟರ್” ಎಂದೆ. ಒಂದೂವರೆ ತಿಂಗಳಿಂದ ಹೇಳಬೇಕೆಂದುಕೊಂಡಿದ್ದ ಮಾತು.

ಅವರು ತಲೆ ಆಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯದ ಹಾಗೆ. “ನಿಮ್ದು ಐತೆ. ಇಲ್ಲ ಅನ್ನಲ್ಲ. ನಂದೂ ಐತೆ ಸಾರ್. ಮನೆ ನಂಬರ್ ಕೊಟ್ಟೆ, ಮನೇಲಿ ಹೇಳ್ಲಿಲ್ಲ. ನಮ್ಮತ್ತಿಗೆಗೆ ಒಂದು ಮಾತು ಹೇಳಿದ್ರೆ, ಯಾರಾದ್ರೂ ಕೇಳ್ಕಂಡ್ ಬಂದ್ರೆ ಇಲ್ಲೇ ಐದಾರೆ ಅನ್ನು ಅಂದಿದ್ರೆ, ಮುಗೀತಿತ್ತು. ಹೆದರ್ಕಂಡೆ. ಮನೇಲಿ ಎರಡು ಸಣ್ಣ ಕೂಸವೆ. ಟಿ.ಬಿ. ಅಂದ್ರೆ ಆಕೆ ಕುಣಿದಾಡ್ತಾಳೆ, ನನ್ನೂ ಹೊರಗೆ ಹಾಕ್ತಾಳೆ ಅಂತ. ಆ ರೆಡ್ಡಿ ನಮ್ಮನೆ ಅಂದಾಗ ಅವನ ಮನೇಲಿ ಎಲ್ಲರಿಗೂ ಗೊತ್ತಿತ್ತು. ನಂದು ಬರೇ ಕಾಗ್ದದ ಮನೆ.”

ಮುಂದೆ ವಿಚಾರಣೆಯಾಯಿತು. ಸುಳ್ಳು ವಿಳಾಸ ದಾಖಲಿಸಿದ್ದಕ್ಕೆ ಅವರಿಂದ ವಿವರಣೆ ಕೇಳಿದರು. ಕಡತದ ಟಿಪ್ಪಣಿ ಬರೆಯುವ ಸರದಿ ನನ್ನದು. “ಇದ್ದದ್ದು ಇದ್ದಂಗೆ ಬರೀರಿ ಸಾರ್, ನನ್ನ ಸಲುವಾಗಿ ಏನೂ ಬಿಡಬ್ಯಾಡ್ರಿ” ಎಂದರು. ಇದ್ದದ್ದು ಇದ್ದ ಹಾಗೆ ಬರೆದೆ. ಫೋನ್ ಮಾಡದೆ ಹೆಸರು ಹೊಡೆದದ್ದನ್ನೂ, ಬುಧವಾರ ಕಿಟಕಿಯಲ್ಲಿ ನಡೆದದ್ದನ್ನೂ ಬರೆದೆ. ಅವರಿಗೆ ಎಚ್ಚರಿಕೆ ಪತ್ರ ಬಂತು, ಬೇರೆ ಕಡೆಗೆ ವರ್ಗವಾಯಿತು. ನನ್ನ ಕ್ರಮ ನಿಯಮಾನುಸಾರ ಇದೆ ಎಂದು ಷರಾ ಬಂತು. ಕಿಟಕಿಯ ಮೇಲಿನ ಬೋರ್ಡನ್ನು ನಾನು ತೆಗೆಸಿದೆ. ಏಕೆಂದು ಯಾರೂ ಕೇಳಲಿಲ್ಲ.

ಆಮೇಲೆ ಅವರನ್ನು ಕಂಡದ್ದು ಮೂರೋ ನಾಲ್ಕೋ ಸಲ. ಒಮ್ಮೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ. ಯಾರದೋ ಮುಂಗೈ ಹಿಡಿದು ರಸ್ತೆ ದಾಟುತ್ತಿದ್ದರು, ಅವನು ಬೈಯುತ್ತಿದ್ದ. ದೂರದಿಂದ ನೋಡಿ ನಾನು ಕರೆಯಲಿಲ್ಲ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಜವನಗೊಂಡನಹಳ್ಳಿಗೆ ಹೋದೆ. ಆ ಮನೆ ನಂಬರನ್ನು ಅಷ್ಟು ಸಲ ಬರೆದಿದ್ದೆ, ಮನೆ ನೋಡಿದ್ದು ಅಂದೇ. ಜಗುಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಅತ್ತಿಗೆ ಎಪ್ಪತ್ತರ ಹತ್ತಿರದ ಹೆಂಗಸು, ಗಟ್ಟಿ ದನಿ. ನೀರು ತಂದು ಕೊಟ್ಟು ನಾನು ಯಾರೆಂದು ವಿಚಾರಿಸಿದರು. ಹೇಳಿದೆ.

“ಹಂಗಾದ್ರೆ ವಿಳಾಸ ಕೇಳಾಕೆ ಇಬ್ಬರ್ನ ಕಳಿಸಿದ್ರಲ್ಲ, ಅದು ನೀವೇನಾ?”

“ನಾನೇ.”

ಅವರು ಕಂಬಕ್ಕೆ ಒರಗಿ ನಿಂತರು. “ನಾನು ಅವತ್ತು ಇಲ್ಲೇ ರಾಗಿ ಕೇರ್ತಿದ್ದೆ. ಸುಕಾಂತಿ ಅಂತ ಐದಾರಾ ಅಂದ್ರು. ಅಂಥೋರ್ಯಾರೂ ಇಲ್ಲಪ್ಪ ಅಂದ್ಬಿಟ್ಟೆ. ನಂಗೇನ್ ಗೊತ್ತು? ಹೋದ ವರ್ಷ ಯಾವಾಗ್ಲೋ ನಮ್ಮ ನಾದಿನಿ ಎಲ್ಲಾ ಹೇಳಿದ್ಲು. ಎರಡು ದಿನ ಅನ್ನ ಸೇರ್ಲಿಲ್ಲ ನಂಗೆ. ಮೊದ್ಲೇ ಒಂದು ಮಾತು ಅಂದಿದ್ರೆ ಐದಾಳೆ, ಹೊಲಕ್ಕೆ ಹೋಗ್ಯಾಳೆ ಅಂತಿದ್ದೆ. ಅಷ್ಟೇ ಯಾಕೆ, ಹಿಂದ್ಲ ಕೊಟ್ಟಿಗೆ ಖಾಲಿ ಬಿದ್ದಿತ್ತು. ಕರ್ಕಂಡ್ ಬಂದಿದ್ರೆ ಮೂರು ತಿಂಗಳು ಇಟ್ಕಳಾಕೆ ಆಗ್ತಿರ್ಲಿಲ್ವಾ? ನಮ್ಮ ಮಾವ ಎಷ್ಟು ಜನರ ಹೊಲದಾಗೆ ಮಲಗಿ ಎದ್ದೋನು.”

ಒಳಗಿನಿಂದ ಯಾರೋ ಎಲೆ ಹಾಕಿದ್ದಾರೆಂದು ಕರೆದರು. ಅವರು ಹೋಗಲಿಲ್ಲ.

“ಒಂದೇ ಮನೇಲಿ ಮೂವತ್ತು ವರ್ಷ ಉಂಡೀವಿ ಸಾರ್. ನಂಗ್ಯಾಕೆ ಆಗ್ಲೇ ಹೇಳ್ಲಿಲ್ಲ ಅವ್ಳು? ಕೇಳಿದ್ರೆ ಸುಮ್ನಾಗ್ತಿದ್ಲು. ನಿಮಗೇನಾದ್ರೂ ಹೇಳಿದ್ಲಾ?”

ನಾನು ಲೋಟ ಕೆಳಗಿಟ್ಟೆ.

“ಇಲ್ಲಮ್ಮ” ಎಂದೆ. “ನನಗೇನೂ ಹೇಳಲಿಲ್ಲ.”